ಎರಡು ಕಾಲಿನ ಗಂಟೆ

ಕುರಿಯಲ್ಲ. ಅಥವಾ ಕುರಿಯೇ ಇರಬಹುದೆ? ಕಾಲು ಮುರಿದ ಕುರಿ ಹೀಗೆಯೇ ನಡೆಯುತ್ತದೆ, ಒಂದು ಹೆಜ್ಜೆ ಭಾರವಾಗಿ, ಒಂದು ಹಗುರವಾಗಿ. ಆದರೆ ಕಾಲು ಮುರಿದ ಕುರಿ ಏರು ಹತ್ತುವುದಿಲ್ಲ; ಇಳಿಜಾರು ಹುಡುಕಿಕೊಂಡು ಹೋಗಿ ಯಾವುದಾದರೂ ಪೊದೆಯ ಮರೆಯಲ್ಲಿ ಬಿದ್ದುಕೊಳ್ಳುತ್ತದೆ. ಇದು ಹತ್ತುತ್ತಿದೆ. ಏದುಸಿರು ಬಿಡುವವರಂತೆ ನಿಂತು ನಿಂತು ಹತ್ತುತ್ತಿದೆ. ನಿಂತಾಗ ಗಂಟೆಯೂ ನಿಲ್ಲುತ್ತದೆ. ಕುರಿ ನಿಂತರೆ ಗಂಟೆ ಎಲ್ಲಿ ನಿಲ್ಲುತ್ತದೆ? ಅದು ನಿಲ್ಲುವುದೇ ಮೇಯುವುದಕ್ಕೆ. ಕತ್ತು ಬಗ್ಗಿದೊಡನೆ ಗಂಟೆಯ ನಾಲಗೆ ಆಡಲೇಬೇಕು.

ಮಾನೋಲ್ ಬಂಡೆಗೆ ಬೆನ್ನು ಕೊಟ್ಟು ಕೂತಲ್ಲೇ ಉಸಿರು ಹಿಡಿದುಕೊಂಡ. ಚಾಚಿದ ಕೋಲಿನ ತುದಿ ಕಾಣದಷ್ಟು ಮಂಜು. ಕೆಳಗೆ, ಬಲಗಡೆಗೆ, ಅವನ ಹಿಂಡು ಮೇಯುತ್ತಿತ್ತು. ಕುರಿಗಳು ಊರ ಸಹಕಾರಿ ಸೊಸೈಟಿಯವು, ಗಂಟೆಗಳು ಮಾತ್ರ ಅವನ ಅಜ್ಜನ ಕಾಲದವು, ಅವನ ಸ್ವಂತದವು. ಮೂವತ್ತೊಂದು ಗಂಟೆಗಳ ಜೋಡಣೆ. ದೊಡ್ಡದು ಮುಂದಾಳು ಟಗರಿನ ಕೊರಳಿಗೆ, ಆಮೇಲೆ ಒಂದಕ್ಕಿಂತ ಒಂದು ಸಣ್ಣದು, ಒಂದರ ಶ್ರುತಿಗೆ ಇನ್ನೊಂದು ಕೂಡುವಂತೆ. ಹಿಂಡು ಹರಡಿ ಮೇಯುವಾಗ ಇಡೀ ಗುಡ್ಡವೇ ಗುನುಗಿದ ಹಾಗೆ ಕೇಳಬೇಕು. ಕೇಳುತ್ತಲೂ ಇತ್ತು, ಹೋದ ಮೇ ತಿಂಗಳವರೆಗೆ. ಮೇ ತಿಂಗಳಿಂದ ಆ ಗುನುಗಿನಲ್ಲಿ ಒಂದು ಕಡೆ ತೂತು ಬಿದ್ದಿತ್ತು. ಊರಿನವರಿಗೆ ಅದು ಗೊತ್ತಾಗಲಿಲ್ಲ. ಮಾನೋಲನಿಗೆ ಮಾತ್ರ, ಹಲ್ಲು ಬಿದ್ದ ಜಾಗಕ್ಕೆ ನಾಲಗೆ ಹೋಗಿ ಹೋಗಿ ತಾಕುವ ಹಾಗೆ, ಕಿವಿ ದಿನವೂ ಅಲ್ಲಿಗೇ ಹೋಗುತ್ತಿತ್ತು.

ಆ ತೂತಿನ ಗಂಟೆ ಈಗ ಎಡಗಡೆ, ಮೇಲೆ, ಮಂಜಿನೊಳಗೆ ಕೇಳುತ್ತಿದೆ.

ಇಪ್ಪತ್ತೇಳನೆಯದು. ತಾಮ್ರ ಹೆಚ್ಚು ಬಿದ್ದು ಸ್ವಲ್ಪ ಮೂಗಿನಲ್ಲಿ ಮಾತಾಡಿದಂತೆ ನುಡಿಯುವ ಗಂಟೆ. ತನ್ನ ಮಗುವಿನ ಅಳುವನ್ನು ತಾಯಿ ಗುರುತಿಸಲಿಕ್ಕಿಲ್ಲವೇನೋ, ಇದನ್ನು ಅವನು ಗುರುತಿಸದೆ ಇರಲಾರ. ಯಾರೋ ಅದನ್ನು ಕೈಯಲ್ಲಿ ಹಿಡಿದು ನಡೆಯುತ್ತಿದ್ದಾರೆ. ಒಂದು ಮಗ್ಗುಲು ಬಟ್ಟೆಗೆ ತಾಗಿ ನಾದ ಅರ್ಧಕ್ಕೇ ಸಾಯುತ್ತಿದೆ. ಎರಡು ಕಾಲಿನ ಗಂಟೆ.

ಅಷ್ಟರಲ್ಲಿ ಅದು ಮತ್ತೆ ನಿಂತಿತು. ನಿಂತು, ಯಾರೋ ಹೇಳಿಕೊಟ್ಟ ಪಾಠವನ್ನು ಜ್ಞಾಪಿಸಿಕೊಂಡಂತೆ ಆಡಿತು: ಮೂರು ಸಲ, ಬಿಡುವು, ಎರಡು ಸಲ. ಮತ್ತೆ ಮೂರು, ಬಿಡುವು, ಎರಡು.

ದಾರಿ ತಪ್ಪಿದ ಮರಿಗಳನ್ನು ಮಂಜಿನಲ್ಲಿ ಕರೆಯುವುದಕ್ಕೆ ಹಾಗೆ ಗಂಟೆ ಆಡಿಸುತ್ತಿದ್ದವನು ಈ ಕಣಿವೆಯಲ್ಲಿ ಒಬ್ಬನೇ, ಮಾನೋಲನ ಮಾವ, ಅವನು ತೀರಿಕೊಂಡು ಒಂಬತ್ತು ವರ್ಷವಾಯಿತು. ಉಳಿದ ಕುರುಬರು ಸಿಳ್ಳೆ ಹಾಕುತ್ತಾರೆ, ಇಲ್ಲವೆ ಉಪ್ಪಿನ ಚೀಲ ಕುಲುಕುತ್ತಾರೆ. ಮೂರು-ಎರಡು ಆ ಮನೆಯದು. ಆ ಮನೆಯವರು ಈಗ ಇಬ್ಬರೇ: ಒಬ್ಬಳು ಅವನ ಹೆಂಡತಿ ರುಸಾನಾ, ಇನ್ನೊಬ್ಬ ಅವಳ ತಮ್ಮ ಸ್ಟಾಮೆನ್.

ಗಂಟೆ ಹಳ್ಳದ ಕಡೆಗೆ ಹೊರಳಿತು. ಹಳ್ಳ ಗಡಿಕಾವಲಿನ ಮುಳ್ಳುತಂತಿ ಬೇಲಿಯ ಅಡಿಯಲ್ಲಿ ಹಾಯುವ ಕಡೆ ಒಂದು ಕುರಿ ನುಸುಳುವಷ್ಟು ಜಾಗವಿದೆ. ವರ್ಷಕ್ಕೆ ಎರಡು ಮೂರು ಸಲ ಕುರಿ ನುಸುಳುತ್ತದೆ. ಕಾವಲು ಸಿಪಾಯಿಗಳು ಮೊದಮೊದಲು ಬಂದೂಕು ಹಿಡಿದು ಓಡಿ ಬರುತ್ತಿದ್ದರು, ಈಗ ಗಂಟೆ ಕೇಳಿದರೆ ಕೂತಲ್ಲಿಂದಲೇ ಬೈಯುತ್ತಾರೆ. ಇವತ್ತೂ ಮಂಜಿನೊಳಗಿಂದ ಒಂದು ಬೈಗುಳ ಕೇಳಿತು, ಬಯಲುಸೀಮೆಯ ಎಳೆಯ ದನಿ. ಆಮೇಲೆ ಗಂಟೆ ಬೇಲಿಯ ಆಚೆಗಿತ್ತು.

ಬೇಲಿಯೇ ಗಡಿಯಲ್ಲ. ಬೇಲಿಯಿಂದ ಗ್ರೀಸಿನ ಗಡಿಕಲ್ಲಿಗೆ ಇನ್ನೂ ಒಂದು ತಾಸಿನ ದಾರಿ. ಸಮುದ್ರಸ್ನಾನದ ನೆಪದಲ್ಲಿ ರೈಲು ಹತ್ತಿ ಬಂದು, ಗಡಿ ದಾಟಿ ಓಡಿಹೋಗಲು ಗುಡ್ಡಕ್ಕೆ ತಿರುಗಿಕೊಳ್ಳುವ ಪೂರ್ವ ಜರ್ಮನರಿಗೆ, ಝೆಕ್ಕರಿಗೆ ಅದು ಗೊತ್ತಿರುವುದಿಲ್ಲ. ಮುಳ್ಳುತಂತಿ ದಾಟಿದೊಡನೆ ಪಾರಾದೆವೆಂದು ಅಪ್ಪಿಕೊಂಡು ಕೂಗಾಡುತ್ತಾರೆ, ಅಲ್ಲೇ ಸಿಕ್ಕಿಬೀಳುತ್ತಾರೆ. ಈ ಗಂಟೆ ನಿಲ್ಲಲಿಲ್ಲ, ಕೂಗಲಿಲ್ಲ. ಮೂರು-ಎರಡು, ಮೂರು-ಎರಡು ಎನ್ನುತ್ತ ದಿಬ್ಬದ ಆಚೆಗಿಳಿಯಿತು. ಅದಕ್ಕೆ ಎಲ್ಲ ಹೇಳಿಕೊಟ್ಟಿದ್ದರು.

ಮಾನೋಲ್ ಎದ್ದು ಕೂಗಬೇಕಾಗಿತ್ತು. ಕಾನೂನು ಹಾಗಿದೆ. ಗಡಿಪಟ್ಟಿಯ ಹಳ್ಳಿಯಲ್ಲಿ ಇರುವುದಕ್ಕೆ ಪರವಾನಗಿ ಬೇಕು, ಹೊಸ ಮುಖ ಕಂಡರೆ ಠಾಣೆಗೆ ಹೇಳುವವನಿಗೆ ಮಾತ್ರ ಪರವಾನಗಿ. ಪ್ರತಿವರ್ಷ ಅಕ್ಟೋಬರ್ ಕೊನೆಗೆ, ಸಂತ ದಿಮಿತ್ರಿಯ ಹಬ್ಬದ ಹೊತ್ತಿಗೆ ಅದಕ್ಕೆ ಮೊಹರು ಬೀಳುತ್ತದೆ. ಹಬ್ಬಕ್ಕೆ ಇನ್ನು ಹದಿನಾರು ದಿನ. ಹೋದ ವರ್ಷ ಲಾಂಬ್ರೆವ್ ಮನೆಯವರಿಗೆ ಮೊಹರು ಬೀಳಲಿಲ್ಲ. ಒಲೆ, ಹಾಸಿಗೆ, ಅಜ್ಜಿ, ಎಲ್ಲವನ್ನೂ ಒಂದೇ ಲಾರಿಯಲ್ಲಿ ಹೇರಿ ಡ್ಯಾನ್ಯೂಬ್ ನದಿ ಕಡೆಯ ಬಯಲಿಗೆ ಕಳಿಸಿದರು. ಲಾಂಬ್ರೆವನ ಹೆಂಡತಿ ತನ್ನ ಬ್ರೆಡ್ಡಿನ ಹಿಟ್ಟಿನ ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋದಳು. ಅವರ ತಪ್ಪೇನೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಅವನು ಕೂಗಲಿಲ್ಲ. ಯಾಕೆ ಕೂಗಲಿಲ್ಲವೆಂದರೆ, ಕೂಗಿ ಏನು ಹೇಳಬೇಕು? ಯಾರೋ ನನ್ನ ಗಂಟೆ ಹಿಡಿದು ನನ್ನ ಮಾವನ ಮನೆಯ ತಾಳದಲ್ಲಿ ಗಡಿ ದಾಟುತ್ತಿದ್ದಾರೆ ಎಂದೇ?

ಗಂಟೆ ಕಳೆದದ್ದು ಹೇಗೆಂದು ಹಿಂಡಿನ ಹಿಂದೆ ಇಳಿಯುತ್ತ ಅವನು ನೂರು ಸಲ ನೆನೆದುಕೊಂಡ. ಮೇ ತಿಂಗಳಲ್ಲಿ ಕೊರಳಪಟ್ಟಿಗಳಿಗೆ ಕೊಬ್ಬು ಸವರುವ ಮುಂಚೆ ಗಂಟೆಗಳನ್ನು ಹೊಳೆಯಲ್ಲಿ ಉಜ್ಜಿ ತೊಳೆಯುವುದು ವಾಡಿಕೆ. ಹೊತ್ತುಕೊಂಡು ಹೋದವನು ಸ್ಟಾಮೆನ್. ತೊಳೆದವಳು ರುಸಾನಾ. ಒಂದು ಕೈಜಾರಿ ಮಡುವಿಗೆ ಬಿತ್ತೆಂದು ಹೇಳಿದವಳು ರುಸಾನಾ. ಮಂಡಿಮಟ್ಟ ನೀರಿಗಿಳಿದು ಹುಡುಕಿದೆ, ಸಿಗಲಿಲ್ಲ ಎಂದವನು ಸ್ಟಾಮೆನ್. ಇಬ್ಬರ ಮಾತೂ ಒಂದಕ್ಕೊಂದು ಚೆನ್ನಾಗಿ ಕೂಡುತ್ತಿತ್ತು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿದ್ದರು, ಇನ್ನೊಬ್ಬರು ಅದನ್ನು ನಂಬಿದ್ದರು. ಅಥವಾ ಇಬ್ಬರೂ.

ರುಸಾನಾ ಆದರೆ ಅದು ಮರುಕ. ಮೂರು ವರ್ಷದ ಹಿಂದೆ ಸಿಪಾಯಿಗಳು ಹೊಡೆದು ಕೆಡವಿದ ಒಬ್ಬನನ್ನು ಕಟ್ಟಿಗೆಯ ಗಾಡಿಯಲ್ಲಿ ಊರ ನಡುವೆಯೇ ಸಾಗಿಸಿದ್ದರು, ಎಲ್ಲರೂ ನೋಡಲಿ ಎಂದು. ಅಂದಿನಿಂದ ಅವಳು ಠಾಣೆಯ ಹಾದಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದಳು. ಸ್ಟಾಮೆನ್ ಆದರೆ ಅದು ಬಲೆ. ಸ್ಟಾಮೆನ್ ಠಾಣೆಯ ಸ್ವಯಂಸೇವಕ, ತೋಳಿಗೆ ಕೆಂಪು ಪಟ್ಟಿ ಕಟ್ಟುವವನು. ಓಡಿಹೋಗುವವರ ವೇಷ ಹಾಕಿದ ತಮ್ಮದೇ ಜನವನ್ನು ಕಳಿಸಿ ಹಳ್ಳಿಯವರು ಬಾಯಿ ಬಿಡುತ್ತಾರೋ ಇಲ್ಲವೋ ಎಂದು ನೋಡುವುದು ಅವರ ಹಳೆಯ ಪದ್ಧತಿ. ಮೊದಲನೆಯದಾದರೆ ಬಾಯಿ ಬಿಟ್ಟರೆ ಹೆಂಡತಿ ಜೈಲಿಗೆ. ಎರಡನೆಯದಾದರೆ ಬಾಯಿ ಮುಚ್ಚಿದರೆ ಗಂಡ ಹೆಂಡತಿ ಇಬ್ಬರೂ ಲಾರಿಗೆ. ಗಂಟೆ ಒಂದೇ, ಅದನ್ನು ಕೊಟ್ಟ ಕೈ ಯಾವುದೆಂದು ತಿಳಿಯದೆ ಅವನು ಒಂದು ಮಾತನ್ನೂ ಆಡುವಂತಿರಲಿಲ್ಲ.

ಸಂಜೆ ಮನೆ ಹೊಕ್ಕಾಗ ಇಬ್ಬರೂ ಅಲ್ಲೇ ಇದ್ದರು. ರುಸಾನಾ ಪಟಾಟ್ನಿಕ್ ರೊಟ್ಟಿಗೆ ಆಲೂಗಡ್ಡೆ ತುರಿಯುತ್ತಿದ್ದಳು. ಸ್ಟಾಮೆನ್ ಒಲೆಯ ಹತ್ತಿರ ಕಾಲು ಚಾಚಿ ಕೂತು ಅವಳ ತುರಿಯನ್ನೇ ಚಿಟಿಕೆ ಚಿಟಿಕೆ ಎತ್ತಿ ಹಸಿಯಾಗಿ ತಿನ್ನುತ್ತಿದ್ದ.

"ಬಂದ್ಯಾ ಭಾವ? ಈ ಮಂಜಲ್ಲಿ ತೋಳಕ್ಕೆ ಎಷ್ಟು ಕುರಿ ದಾನ ಮಾಡ್ದೆ?"

"ಎಲ್ಲಾ ಇವೆ."

"ಎಣಿಸ್ದ್ಯೋ, ಇಲ್ಲ ಕಿವೀಲೇ ಲೆಕ್ಕ ಹಾಕ್ದ್ಯೋ? ಅಕ್ಕಾ, ನಿನ್ ಗಂಡಂಗೆ ಕಣ್ಣು ದೇವರು ಸುಮ್ನೆ ಕೊಟ್ಟಿದ್ದು ಕಣೆ."

"ನಿನಗೆ ಹೊಟ್ಟೆ ಮಾತ್ರ ಕೊಟ್ಟ," ಅಂದಳು ರುಸಾನಾ. "ಕೈ ತೆಗಿ. ಹಸೀದು ತಿಂದು ಹೊಟ್ಟೆ ನೋವು ಅಂತ ನನ್ನ ತಲೆ ತಿನ್ನಬೇಡ."

ಮಾನೋಲ್ ಹೊದ್ದ ಉಣ್ಣೆಯ ನಿಲುವಂಗಿಯನ್ನು ಗೂಟಕ್ಕೆ ಹಾಕಿದ. ಬೆನ್ನು ತಿರುಗಿಸಿಕೊಂಡೇ ಕೇಳಿದ, "ನೀವಿಬ್ರೂ ಬೆಳಗ್ಗೆಯಿಂದ ಎಲ್ಲಿದ್ರಿ?"

ತುರಿಯುವ ಸದ್ದು ನಿಂತಿತೆ? ಇಲ್ಲ. ಸ್ವಲ್ಪ ನಿಧಾನವಾಯಿತೇನೋ. ಆಲೂಗಡ್ಡೆ ಸಣ್ಣದಾದಾಗಲೂ ಬೆರಳು ಉಳಿಸಿಕೊಳ್ಳಲು ಕೈ ನಿಧಾನವಾಗುತ್ತದೆ.

"ಎಲ್ಲಿರ್ತೀನಿ? ಇಲ್ಲೇ ಸತ್ತಿರ್ತೀನಿ," ಅಂದಳು. "ಹುರುಳಿಕಾಯಿ ಬಳ್ಳಿ ಕಿತ್ತೆ."

"ನಾನು ಮರ ಕಡಿಯೋ ಕಡೆ," ಅಂದ ಸ್ಟಾಮೆನ್. "ಯಾಕೆ ಭಾವ, ಪಂಚನಾಮೆ ಮಾಡ್ತಿದೀಯ?"

"ಸುಮ್ನೆ ಕೇಳ್ದೆ."

"ಸುಮ್ನೆ ಕೇಳೋರು ಈ ಊರಲ್ಲಿ ಒಬ್ಬರೇ, ಠಾಣೆ ಕ್ಯಾಪ್ಟನ್ ಪೆಂಚೆವ್," ಎಂದು ಸ್ಟಾಮೆನ್ ನಕ್ಕ. ಅವನ ನಗು ಚೆನ್ನಾಗಿತ್ತು. ಯಾವಾಗಲೂ ಚೆನ್ನಾಗಿಯೇ ಇರುತ್ತಿತ್ತು.

ಶುಕ್ರವಾರ ಮಾನೋಲ್ ಹಿಂಡನ್ನು ನಾಯಿಗಳಿಗೆ ಬಿಟ್ಟು ಠಾಣೆಯ ಕಡೆಗೆ ಇಳಿದ. ರಾತ್ರಿಯೆಲ್ಲ ಒಂದು ಮಾತನ್ನು ಕಟ್ಟಿಕೊಂಡಿದ್ದ: ಹಳ್ಳದ ಹತ್ತಿರ ಏನೋ ಸದ್ದು ಕೇಳಿದೆ, ಏನೆಂದು ಗೊತ್ತಾಗಲಿಲ್ಲ. ಇಷ್ಟು ಹೇಳಿದರೆ ಬಲೆಯಾಗಿದ್ದರೂ ತಪ್ಪಿಸಿಕೊಳ್ಳಬಹುದು, ಮರುಕವಾಗಿದ್ದರೂ ಹೆಸರು ಬರುವುದಿಲ್ಲ. ಆದರೆ ಊರ ಚಿಲುಮೆಯ ಹತ್ತಿರ ನೀರು ಕುಡಿಯಲು ಬಗ್ಗಿದವನಿಗೆ ಆ ಮಾತು ನಿಲ್ಲುವುದಿಲ್ಲವೆಂದು ಹೊಳೆಯಿತು. ಗೊತ್ತಾಗಲಿಲ್ಲ ಎಂದು ಬೇರೆ ಯಾವ ಕುರುಬನಾದರೂ ಹೇಳಬಹುದು. ಅವನು ಹೇಳುವಂತಿರಲಿಲ್ಲ. ಅದಕ್ಕೆ ಕಾರಣ ಜುಲೈ.

ಜುಲೈನಲ್ಲಿ ಕ್ಯಾಪ್ಟನ್ ಪೆಂಚೆವ್ ಅವನನ್ನು ಠಾಣೆಗೆ ಕರೆಸಿ, ಕಾಫಿ ಕೊಟ್ಟು, "ಮಾನೋಲಣ್ಣ, ನಿಮ್ಮ ಕಿವಿಯ ವಿಷಯ ಬಹಳ ಕೇಳಿದೀನಿ, ನಮ್ಮ ಹುಡುಗರಿಗೆ ಸ್ವಲ್ಪ ತೋರಿಸಿ," ಎಂದಿದ್ದ. ಇಳಿಬಿಟ್ಟ ಕಂಬಳಿಯ ಹಿಂದೆ ನಿಂತ ಸಿಪಾಯಿಗಳು ಗಂಟೆ ಆಡಿಸಿದರು. ಮಾನೋಲ್ ಇದು ಮೇಕೆಯದು, ಇದು ಹೇಸರಗತ್ತೆಯದು, ಇದು ಬಿರುಕು ಬಿಟ್ಟದ್ದು, ಇದು ಪಕ್ಕದೂರಿನ ಕಮ್ಮಾರ ಕುಡಿದು ಮಾಡಿದ್ದು ಎಂದ. ಸಿಪಾಯಿಗಳು ಚಪ್ಪಾಳೆ ತಟ್ಟಿದರು. ಐವತ್ತಾರು ವರ್ಷದಲ್ಲಿ ಅವನಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಆ ಅಮಲಿನಲ್ಲಿ, ಯಾರೂ ಕೇಳದೆ ಇದ್ದರೂ, ಹೇಳಿಬಿಟ್ಟ: "ಇವೆಲ್ಲ ಏನು ಮಹಾ? ಮನುಷ್ಯ ಗಂಟೆ ಕಟ್ಕೊಂಡು ನಡೆದ್ರೂ ನಾನು ಎರಡು ಗುಡ್ಡದಾಚೆಯಿಂದ ಹೇಳ್ತೀನಿ. ಎರಡು ಕಾಲು ಎರಡೇ, ನಾಲ್ಕು ಮಾಡೋಕಾಗಲ್ಲ."

ಕ್ಯಾಪ್ಟನ್ ಅದನ್ನು ಬರೆದುಕೊಂಡಿದ್ದ.

ಮನೆಗೆ ಬಂದು ಹೇಳಿದಾಗ ರುಸಾನಾ ಕೈಯಲ್ಲಿದ್ದ ಮೊರ ಕೆಳಗಿಟ್ಟು ಅವನನ್ನು ಬಹಳ ಹೊತ್ತು ನೋಡಿದಳು. "ಬಾಯಿ ಮುಚ್ಕೊಂಡು ಕಾಫಿ ಕುಡಿದು ಬರೋಕಾಗ್ಲಿಲ್ವಾ ನಿನಗೆ?" ಅಂದಳು. ಆಗ ಅದು ಬರಿಯ ಸಿಡುಕು ಎಂದುಕೊಂಡಿದ್ದ. ಈಗ ಚಿಲುಮೆಯ ಮುಂದೆ ಆ ನೋಟಕ್ಕೆ ಬೇರೆ ಅರ್ಥ ಹೊಳೆಯಿತು. ಮರುಕ್ಷಣವೇ ಹೊಳೆದದ್ದರ ಮೇಲೂ ಅನುಮಾನ ಬಂತು. ಗಂಡ ಬಾಯಿಬಡುಕನಾದರೆ ಯಾವ ಹೆಂಡತಿಯಾದರೂ ಹಾಗೆಯೇ ನೋಡುತ್ತಾಳಲ್ಲವೆ?

ತಲೆಯೆತ್ತಿದಾಗ ಠಾಣೆಯ ಗೇಟಿನಿಂದ ಸ್ಟಾಮೆನ್ ಹೊರಬರುತ್ತಿದ್ದ. ಗೇಟಿನ ಸಿಪಾಯಿ ಅವನ ಸಿಗರೇಟಿಗೆ ಬೆಂಕಿ ಹಚ್ಚಿಕೊಟ್ಟ. ಸ್ಟಾಮೆನ್ ಅವನ ಬೆನ್ನು ತಟ್ಟಿ ಏನೋ ಹೇಳಿದ, ಇಬ್ಬರೂ ನಕ್ಕರು. ಶುಕ್ರವಾರ ಸ್ವಯಂಸೇವಕರು ವರದಿ ಕೊಡುವ ದಿನ. ಅವನು ಅದಕ್ಕೇ ಬಂದಿರಬಹುದು. ಮಾನೋಲ್ ಚಿಲುಮೆಯ ಕಲ್ಲಿನ ಮರೆಗೆ ಸರಿದು, ಅವನು ಹೋದ ಮೇಲೆ ಗುಡ್ಡಕ್ಕೇ ಹಿಂದಿರುಗಿದ.

ಶನಿವಾರ ಬೆಳಿಗ್ಗೆ ಕ್ಯಾಪ್ಟನ್ ತಾನೇ ಮನೆಗೆ ಬಂದ. ಜೊತೆಗೆ ಒಬ್ಬ ಸಿಪಾಯಿ, ಅವನ ಹೆಗಲಿಗೆ ಒಂದು ಗೋಣಿಚೀಲ. ಅಂಗಳದಲ್ಲಿ ಕಟ್ಟಿಗೆ ಸೀಳುತ್ತಿದ್ದ ಸ್ಟಾಮೆನ್ ಕೊಡಲಿ ಬಿಟ್ಟು ಅವರ ಹಿಂದೆಯೇ ಒಳಗೆ ಬಂದ. ರುಸಾನಾ ಮನೆಯ ಸಾರಾಯಿ, ರಾಕಿಯಾ, ತಂದಿಟ್ಟಳು. ಕ್ಯಾಪ್ಟನ್ ಅದನ್ನು ಮುಟ್ಟಲಿಲ್ಲ. ಮೂವತ್ತು ದಾಟದ, ತೆಳ್ಳಗಿನ, ಯಾವಾಗಲೂ ಶೀತವಾದವನಂತೆ ಮೆಲ್ಲಗೆ ಮಾತಾಡುವ ಮನುಷ್ಯ.

"ಮಾನೋಲಣ್ಣ, ಗುರುವಾರ ಒಬ್ಬ ದಾಟಿದಾನೆ," ಅಂದ. "ಹಳ್ಳದ ಆಚೆ ಕೆಸರಲ್ಲಿ ಪಟ್ಟಣದ ಶೂ ಗುರುತು ಸಿಕ್ಕಿದೆ. ಅವನು ಸಿಕ್ಕಿದ್ನೋ ಇಲ್ವೋ, ಅದು ಬೇಡ. ನಮ್ಮ ಕಾವಲಿನವನು ಪುಸ್ತಕದಲ್ಲಿ ಬರೆದಿದಾನೆ: ಹನ್ನೊಂದು ಇಪ್ಪತ್ತು, ಕುರಿಗಂಟೆ, ಒಂದು. ಆ ಹೊತ್ತಿಗೆ ನೀವು ಎಲ್ಲಿದ್ರಿ?"

"ಕರೀಬಂಡೆ ಹತ್ರ."

"ಅಂದ್ರೆ ಇನ್ನೂರು ಹೆಜ್ಜೆ. ಏನು ಕೇಳಿಸ್ತು?"

ಮಾನೋಲ್ ಇಬ್ಬರನ್ನೂ ನೋಡಿದ. ರುಸಾನಾ ಮುಂಬಟ್ಟೆಯ ತುದಿಯಿಂದ ಒರೆಸಿ ಮುಗಿದ ಲೋಟವನ್ನೇ ಮತ್ತೆ ಒರೆಸುತ್ತಿದ್ದಳು. ಸ್ಟಾಮೆನ್ ಬಾಗಿಲ ಚೌಕಟ್ಟಿಗೆ ಒರಗಿ, ಅಂಗೈಗೆ ಚುಚ್ಚಿದ ಸಿಬುರನ್ನು ಹಲ್ಲಿನಿಂದ ಕೀಳುತ್ತಿದ್ದ. ಎರಡು ಮುಖ, ಒಂದೇ ತಂದೆಯ ಹುಬ್ಬು, ಒಂದೇ ತಂದೆಯ ಗಲ್ಲ. ಎರಡರಲ್ಲೂ ಅವನಿಗೆ ಏನೂ ಓದಲು ಸಿಗಲಿಲ್ಲ. ಇಪ್ಪತ್ತೆಂಟು ವರ್ಷ ಗಂಟೆಗಳನ್ನು ಓದಿದ್ದ. ಮನೆಯವರ ಮುಖ ಓದುವುದನ್ನು ಕಲಿತೇ ಇರಲಿಲ್ಲ.

ನನ್ನ ಕುರಿಯದೇ ಗಂಟೆ ಎಂದರೆ, ಯಾವ ಕುರಿ, ತೋರಿಸು ಎನ್ನುತ್ತಾನೆ. ಕೇಳಿಸಿತು, ಗುರುತು ಸಿಗಲಿಲ್ಲ ಎಂದರೆ ಜುಲೈನ ಕಾಗದ ತೆಗೆಯುತ್ತಾನೆ. ಕೇಳಿಸಿತು, ಮನುಷ್ಯನದು ಎಂದರೆ, ಎರಡು ದಿನ ಯಾಕೆ ಸುಮ್ಮನಿದ್ದೆ ಎನ್ನುತ್ತಾನೆ. ಉಳಿದದ್ದು ಒಂದೇ ದಾರಿ. ಅದು ಇಷ್ಟು ಇಕ್ಕಟ್ಟಿನದೆಂದು ಅದರೊಳಗೆ ಕಾಲಿಟ್ಟ ಮೇಲೇ ಅವನಿಗೆ ಗೊತ್ತಾದದ್ದು.

"ಏನೂ ಕೇಳಿಸ್ಲಿಲ್ಲ ಕಾಮ್ರೇಡ್ ಕ್ಯಾಪ್ಟನ್," ಅಂದ. "ನನ್ನ ಕಿವಿ ಹೋಗಿದೆ."

ಸ್ಟಾಮೆನ್ ಸಿಬುರು ಕೀಳುವುದನ್ನು ನಿಲ್ಲಿಸಿದ.

"ಹೋಗಿದೆ ಅಂದ್ರೆ?"

"ಸೆಪ್ಟೆಂಬರ್‌ನಲ್ಲಿ ಜ್ವರ ಬಂತಲ್ಲ, ಆವಾಗಿಂದ. ಎಡಗಿವೀಲಿ ದುಂಬಿ ಹೊಕ್ಕ ಹಾಗೆ ಗುಯ್ ಅಂತದೆ. ಸಣ್ಣ ಗಂಟೆಗಳು ಕೇಳೋದೇ ಇಲ್ಲ." ಹೇಳುತ್ತ ಹೇಳುತ್ತ ಅವನ ಮುಖ ಕೆಂಪಾಯಿತು. ಆ ನಾಚಿಕೆ ನಿಜವಾದದ್ದೇ.

ಕ್ಯಾಪ್ಟನ್ ರುಸಾನಾ ಕಡೆಗೆ ತಿರುಗಿದ. "ಹೌದಾ ತಾಯಿ?"

ಒಂದು ಕ್ಷಣವೂ ಹಿಡಿಯಲಿಲ್ಲ. "ಒಂದು ತಿಂಗಳಿಂದ ಕಿರುಚಿ ಕಿರುಚಿ ನನ್ನ ಗಂಟಲು ಹರಿದಿದೆ," ಅಂದಳು. "ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ದ. ಇವನಷ್ಟು ಜಂಬದ ಕತ್ತೆ ಈ ಗುಡ್ಡದಲ್ಲೇ ಇಲ್ಲ."

ಇಷ್ಟು ಬೇಗ, ಇಷ್ಟು ಸಲೀಸಾಗಿ ಅವಳಿಗೆ ಸುಳ್ಳು ಬರುತ್ತದೆಯೆ? ಹಾಗಾದರೆ ಮೇ ತಿಂಗಳಲ್ಲಿ? ಆದರೆ ಅದನ್ನು ಪೂರ್ತಿ ಯೋಚಿಸುವ ಮೊದಲೇ ಬಾಗಿಲಿನಿಂದ ಸ್ಟಾಮೆನ್ ದನಿ ಬಂತು.

"ಹೌದು ಕಾಮ್ರೇಡ್ ಕ್ಯಾಪ್ಟನ್. ಮೊನ್ನೆ ಹೊಳೆ ಹತ್ರ ಮೂರು ಸಲ ಕೂಗ್ದೆ. ತಿರುಗಿ ನೋಡ್ಲಿಲ್ಲ. ಬೇಕಂತ ಮಾಡ್ತಿದಾನೆ, ಕೊಬ್ಬು ಅಂದ್ಕೊಂಡೆ."

ಯಾರೂ ಯಾರಿಗೂ ಏನೂ ಹೇಳಿಕೊಡದೆ ಮೂರು ಸುಳ್ಳುಗಳು ಒಂದೇ ಶ್ರುತಿಗೆ ಕೂಡಿದ್ದವು. ಅದು ಮಾನೋಲನಿಗೆ ಸಮಾಧಾನ ಕೊಡುವ ಬದಲು ಹೆದರಿಕೆ ತಂದಿತು.

ಕ್ಯಾಪ್ಟನ್ ತಲೆಯಾಡಿಸಿ, "ಪಾಪ," ಅಂದ. ಸಿಪಾಯಿಗೆ ಸನ್ನೆ ಮಾಡಿದ. ಗೋಣಿಚೀಲದೊಳಗಿಂದ ಗಂಟೆಗಳು ಹೊರಬಂದವು. ಮಾನೋಲನವೇ, ಬೆಳಗ್ಗೆ ದೊಡ್ಡಿಯಲ್ಲಿ ಕುರಿಗಳ ಕೊರಳಿಂದ ಬಿಚ್ಚಿಕೊಂಡು ಬಂದವು. "ಗೋಡೆ ಕಡೆ ಮುಖ ಮಾಡಿ ಮಾನೋಲಣ್ಣ. ಡಾಕ್ಟ್ರಿಗೆ ಬರೆಯೋಕೆ ಬೇಕಾಗ್ತದೆ, ಅಷ್ಟೆ."

ಗೋಡೆ ಕಡೆ ಮುಖ ಮಾಡಿ ಕೂತಾಗ ಮಾನೋಲನಿಗೆ ಅವನ ತಂದೆ ನೆನಪಾದ. ತಂದೆಗೆ ಮುಪ್ಪಿನಲ್ಲಿ ಕಿವಿ ಹೋದದ್ದು ಒಂದೇ ಸಲ ಅಲ್ಲ. ಮೊದಲು ಹಕ್ಕಿಗಳು ಹೋದವು, ಆಮೇಲೆ ಹೆಂಗಸರ ದನಿ, ಕೊನೆಗೆ ಗುಡುಗೊಂದು ಉಳಿಯಿತು. ಎಲ್ಲವನ್ನೂ ತಪ್ಪು ಹೇಳುವವನು ಕಿವುಡನಲ್ಲ, ಕಳ್ಳ. ದಪ್ಪ ದನಿ ಸರಿ ಹೇಳಬೇಕು, ಸಣ್ಣದಕ್ಕೆ ಎಡವಬೇಕು.

ಮೊದಲ ಗಂಟೆ ನುಡಿಯಿತು.

"ಟಗರಿಂದು. ದೊಡ್ಡದು."

"ಸರಿ. ಇದು?"

ಹದಿನಾಲ್ಕನೆಯದು. ಒಂಟಿಕೋಡಿನ ಹೆಣ್ಣು ಕುರಿಯದು. "ಹನ್ನೊಂದೋ ಹನ್ನೆರಡೋ," ಅಂದ ಮಾನೋಲ್. ಹಿಂದೆ ಯಾರೋ ಉಸಿರೆಳೆದುಕೊಂಡರು. ಸ್ಟಾಮೆನ್ ಇರಬೇಕು. ಕುರುಬನ ಮಗ, ಅವನಿಗೂ ಅದು ಹದಿನಾಲ್ಕೆಂದು ಗೊತ್ತು.

"ಇದು?"

"ಗೊತ್ತಾಗ್ತಿಲ್ಲ."

ಆಮೇಲೆ ಬೂಟಿನ ಸದ್ದು ಹತ್ತಿರಕ್ಕೆ ಬಂತು. ಕ್ಯಾಪ್ಟನ್ ಅವನ ಎಡಗಿವಿಯ ಹಿಂದೆಯೇ ನಿಂತಿದ್ದ. ಅವನ ಕೋಟಿನ ಪೆಟ್ರೋಲು ವಾಸನೆ ಮೂಗಿಗೆ ಬರುತ್ತಿತ್ತು. ಎಲ್ಲಕ್ಕಿಂತ ಸಣ್ಣದು, ಮೂವತ್ತೊಂದನೆಯದು, ಮರಿಗಳಿಗೆ ಕಟ್ಟುವ ಬೊಟ್ಟಿನಷ್ಟಗಲದ ಗಂಟೆ, ಕಿವಿಯಿಂದ ಒಂದು ಗೇಣು ದೂರದಲ್ಲಿ ನುಡಿಯಿತು. ಬೆಳಗಿನ ಮಂಜುಗಡ್ಡೆಗೆ ಉಗುರು ತಾಗಿಸಿದಂಥ ನಾದ. ಅದನ್ನು ಕೂಡಿಸುವುದಕ್ಕೆ ಅವನ ಅಜ್ಜ ಒಂದು ಚಳಿಗಾಲವಿಡೀ ಕಮ್ಮಾರನ ಮನೆಗೆ ನಡೆದಿದ್ದನಂತೆ. ನಾದ ಮೂಡಿತು, ತೇಲಿತು, ಸಾಯುತ್ತ ಬಂತು. ಮಾನೋಲ್ ಅದರ ಕೊನೆಯ ಎಳೆಯವರೆಗೂ ಕೇಳಿದ. ಗೋಡೆಯಲ್ಲಿ ಸುಣ್ಣ ಕಿತ್ತುಬಂದ ಒಂದು ಜಾಗವಿತ್ತು, ಅದನ್ನೇ ನೋಡುತ್ತ ಕೂತ. ಕತ್ತು ಅಲುಗಲಿಲ್ಲ. ನಾದ ಪೂರ್ತಿ ನಿಂತಮೇಲೆ ಇನ್ನಷ್ಟು ಹೊತ್ತು ಬಿಟ್ಟು ಕೇಳಿದ:

"ಬಾರ್ಸಿದ್ರಾ?"

ಕ್ಯಾಪ್ಟನ್ ಗಂಟೆಯನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಆಗ ಮಾತ್ರ ರಾಕಿಯಾದ ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದ.

"ನಿಮ್ಮಂಥ ಕಿವಿ ಹೋಗಿದ್ದು ದೇಶಕ್ಕೇ ನಷ್ಟ ಮಾನೋಲಣ್ಣ," ಅಂದ. ಅದರಲ್ಲಿ ವ್ಯಂಗ್ಯವಿತ್ತೋ ಇಲ್ಲವೋ, ಆ ದನಿಯಲ್ಲಿ ತಿಳಿಯುವುದು ಸಾಧ್ಯವಿರಲಿಲ್ಲ.

ಹಬ್ಬದ ದಿನ ಪರವಾನಗಿಗೆ ಮೊಹರು ಬಿತ್ತು, ಗಂಡ ಹೆಂಡತಿ ಇಬ್ಬರದಕ್ಕೂ. ಅದರ ಹಿಂದೆಯೇ ಸೊಸೈಟಿಯ ಚೀಟಿ ಬಂತು: ಕಿವಿ ಕೇಳದವನನ್ನು ಗಡಿಯ ಹುಲ್ಲುಗಾವಲಿಗೆ ಬಿಡುವುದಕ್ಕಾಗದು, ಅವನು ಇನ್ನು ಮೇಲೆ ಕೆಳಗಿನ ಕರುಗಳ ಕೊಟ್ಟಿಗೆ ನೋಡಿಕೊಳ್ಳಲಿ, ಮೇಲಿನ ಹಿಂಡು ಸ್ಟಾಮೆನ್‌ಗೆ.

ಸ್ಟಾಮೆನ್ ಚೀಟಿ ಹಿಡಿದುಕೊಂಡು ತಾನೇ ಬಂದ. ಬಾಗಿಲಲ್ಲಿ ಟೋಪಿ ತಿರುವುತ್ತ ನಿಂತ. "ನಾನೇನು ಕೇಳಿದ್ದಲ್ಲ ಭಾವ," ಎಂದು ಜೋರಾಗಿ ಕೂಗಿದ. "ಅವರೇ ಕೊಟ್ರು!"

"ಗೊತ್ತು."

"ಗಂಟೆ? ಗಂಟೆಗಳನ್ನ ಏನು ಮಾಡ್ತೀಯ?"

"ತಗೊಂಡು ಹೋಗು. ನನಗ್ಯಾಕೆ?"

ಸ್ಟಾಮೆನ್ ತಗೊಂಡು ಹೋದ. ಕೇಳದೆ ಸಿಕ್ಕಿದ್ದೋ, ಕೇಳಿ ಪಡೆದದ್ದೋ, ಮೊದಲಿನಿಂದಲೂ ಇದಕ್ಕೇ ಹಾಕಿದ ಲೆಕ್ಕವೋ, ಮಾನೋಲ್ ಚಳಿಗಾಲವಿಡೀ ಕರುಗಳ ಮುಂದೆ ಕೂತು ಅದನ್ನೇ ಮಗುಚಿ ಮಗುಚಿ ಹಾಕಿದ. ಮೂರು ಸುಳ್ಳಿನಲ್ಲಿ ಒಂದು ಅವನನ್ನು ಉಳಿಸುವುದಕ್ಕೆ ಹೇಳಿದ್ದು, ಒಂದು ಅವನ ಜಾಗಕ್ಕೆ ಬರುವುದಕ್ಕೆ ಹೇಳಿದ್ದು ಇರಬಹುದು. ಅಥವಾ ಎರಡೂ ತಮ್ಮ ತಮ್ಮ ಕತ್ತು ಉಳಿಸಿಕೊಳ್ಳುವುದಕ್ಕೆ. ಕೇಳಿ ತಿಳಿಯುವಂತಿರಲಿಲ್ಲ. ಕೇಳಿದರೆ, ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ.

ಕಿವುಡನಾಗಿರುವುದು ಅವನು ಅಂದುಕೊಂಡದ್ದಕ್ಕಿಂತ ಕಷ್ಟವಿತ್ತು. ಬೆನ್ನ ಹಿಂದೆ ಹಾಲಿನ ಕ್ಯಾನು ಬಿದ್ದರೆ ಬೆಚ್ಚಬಾರದು. ಮಕ್ಕಳು ಹಿಂದಿನಿಂದ ಬಂದು "ಕಿವುಡ ಮಾನೋಲ್" ಎಂದು ಅಣಕಿಸಿದರೆ ತಿರುಗಬಾರದು. ಹೆಂಡದಂಗಡಿಯಲ್ಲಿ ಜನ ಅವನ ಎದುರೇ ಅವನ ವಿಷಯ ಮಾತಾಡಿದರು: "ಎಂಥಾ ಕಿವಿ ಇತ್ತು ಮಾರಾಯ," "ಜಂಬ ಇತ್ತಲ್ಲ, ದೇವರು ಇಳಿಸ್ದ." ಅವನು ನಗುಮುಖ ಮಾಡಿ ಲೋಟ ಎತ್ತುತ್ತಿದ್ದ. ಹೊಸ ಗಂಟೆ ಕೊಂಡವರು ಈಗ ಅದನ್ನು ನುಡಿಸಿ ನೋಡಲು ಅವನ ಮನೆಗೆ ಬರುತ್ತಿರಲಿಲ್ಲ.

ವಸಂತದಲ್ಲಿ ಸ್ಟಾಮೆನ್ ಹಿಂಡು ಹೊಡೆದುಕೊಂಡು ಕೊಟ್ಟಿಗೆಯ ಮುಂದೆಯೇ ಮೇಲೆ ಹೋದ. ಗಂಟೆಗಳನ್ನೆಲ್ಲ ಅದಲುಬದಲು ಕಟ್ಟಿದ್ದ. ಹತ್ತೊಂಬತ್ತರ ಪಕ್ಕದಲ್ಲಿ ಏಳು, ಮರಿಗಳ ಗಂಟೆ ಮುದಿ ಕುರಿಗೆ. ಇಡೀ ಹಿಂಡು ಪಾತ್ರೆ ಸಾಮಾನಿನ ಗಾಡಿ ಮಗುಚಿ ಬಿದ್ದ ಹಾಗೆ ಸದ್ದು ಮಾಡುತ್ತ ಹೋಯಿತು. ಅದು ಅರಿಯದೆ ಮಾಡಿದ್ದೋ, ಭಾವ ಮುಖ ಹಿಂಡುತ್ತಾನೋ ಎಂದು ನೋಡಲು ಬೇಕೆಂದೇ ಮಾಡಿದ್ದೋ? ಮಾನೋಲ್ ಸಗಣಿ ಬಾಚುತ್ತಲೇ ಇದ್ದ. ಸ್ಟಾಮೆನ್ ಕೈಯೆತ್ತಿದ, ಅವನೂ ಎತ್ತಿದ.

ಮನೆಯಲ್ಲಾದರೂ ಒಂದಿಷ್ಟು ಬಿಡುವು ಸಿಕ್ಕೀತೆಂದುಕೊಂಡಿದ್ದ. ಸಿಗಲಿಲ್ಲ. ರುಸಾನಾ ಅವನೊಡನೆ ಕೂಗಿಯೇ ಮಾತಾಡುತ್ತಿದ್ದಳು. ಜನ ಇದ್ದಾಗಲೂ, ಬಾಗಿಲು ಹಾಕಿದ ಮೇಲೂ. ಆ ಶನಿವಾರದ ಬಗ್ಗೆ ಅವಳು ಒಂದು ಮಾತೆತ್ತಲಿಲ್ಲ, ಅವನೂ ಎತ್ತಲಿಲ್ಲ. ನಿಜವಾಗಿಯೂ ಕಿವುಡನೆಂದು ನಂಬಿದ್ದಾಳೆಯೆ? ಒಂದು ತಿಂಗಳಿಂದ ಕಿರುಚುತ್ತಿದ್ದೇನೆ ಎಂದು ಸುಳ್ಳು ಹೇಳಿದವಳೇ ಅವಳು. ಹಾಗಾದರೆ ತನ್ನ ಸುಳ್ಳಿಗೆ ತಾನು ನಿಷ್ಠಳಾಗಿದ್ದಾಳೆಯೆ? ಯಾರಿಗೆ ಹೆದರಿ? ಸ್ಟಾಮೆನ್‌ಗೋ? ಗಂಡನಿಗೋ?

ಏಪ್ರಿಲ್‌ನ ಒಂದು ಮಧ್ಯಾಹ್ನ ಹಿಮ ಕರಗಿ ಸೂರಿನಿಂದ ತೊಟ್ಟಿಕ್ಕುತ್ತಿತ್ತು. ಮಾನೋಲ್ ಕಿಟಕಿಯ ಹತ್ತಿರ ಕೂತು ಕರುವಿನ ಹಗ್ಗ ಹೊಸೆಯುತ್ತಿದ್ದ. ರುಸಾನಾ ಅವನಿಗೆ ಬೆನ್ನು ಮಾಡಿ ಒಲೆಯ ಮುಂದೆ ನಿಂತಿದ್ದಳು. ಪಾತ್ರೆಯಲ್ಲಿ ಸೌಟು ತಿರುಗುತ್ತಿತ್ತು. ಇದ್ದಕ್ಕಿದ್ದಂತೆ ಅವಳು ಮಾತಾಡಿದಳು, ಕೂಗಲಿಲ್ಲ. ಪಾತ್ರೆಯೊಳಗಿನ ಬೀನ್ಸಿಗೆ ಹೇಳುವಷ್ಟು ಮೆಲ್ಲಗೆ, ಬೇರೆ ಯಾರ ಕಿವಿಗೂ ಬೀಳದಷ್ಟು ಮೆಲ್ಲಗೆ ಅಂದಳು:

"ಚಳಿಗೆ ಅವನ ಕೈ ನಡುಗ್ತಿತ್ತು. ಗಂಟೆ ಹಿಡ್ಕೊಳ್ಳೋಕೂ ಬರ್ತಿರ್ಲಿಲ್ಲ. ನಾಲ್ಕು ದಿನ ನಮ್ಮ ಹುಲ್ಲಿನ ಅಟ್ಟದಲ್ಲಿ ಕೂತು ಕಲಿತ."

ಹಗ್ಗ ಹೊಸೆಯುವ ಕೈ ನಿಲ್ಲಬಾರದು. ಅದು ನಿಲ್ಲಲಿಲ್ಲ. ಅವಳು ಇದನ್ನು ಅವನಿಗೆ ಕೇಳಲಿ ಎಂದು ಹೇಳಿದಳೋ, ಕೇಳುವುದಿಲ್ಲ ಎಂದು ಹೇಳಿದಳೋ, ಕೇಳುತ್ತದೋ ಇಲ್ಲವೋ ನೋಡಲು ಹೇಳಿದಳೋ? ಅವಳ ಬೆನ್ನು ಏನನ್ನೂ ಹೇಳುತ್ತಿರಲಿಲ್ಲ. ಸೌಟು ಇನ್ನೂ ಎರಡು ಸುತ್ತು ತಿರುಗಿತು. ಆಮೇಲೆ ಅವಳು ತಿರುಗಿ ನಿಂತು, ಎಂದಿನಂತೆ ಗಂಟಲು ಹರಿಯುವ ಹಾಗೆ ಕೂಗಿದಳು:

"ಊಟ ಹಾಕ್ಲಾ?"

"ಹಾಂ? ಏನಂದೆ?"

"ಊಟ! ಹಾಕ್ಲಾ ಅಂದೆ!"

"ಹಾಕು," ಅಂದ ಮಾನೋಲ್.

ಅವಳು ತಟ್ಟೆ ತಂದು ಮುಂದಿಟ್ಟಳು. ಒಂದು ಗಳಿಗೆ ಅವನ ಮುಖ ನೋಡುತ್ತ ನಿಂತಳು, ಆಮೇಲೆ ಬ್ರೆಡ್ಡು ತರಲು ಹೋದಳು. ಮೊದಲು ಆಡಿದ ಮಾತೂ ತನಗೆ ಕೇಳಿಸಿತ್ತೆಂದು ಮಾನೋಲ್ ಅವಳಿಗೆ ಯಾವತ್ತೂ ಹೇಳಲಿಲ್ಲ.